ಕುಂಟುವ ಪರೀಕ್ಷೆಯಲ್ಲಿ ನಪಾಸಾದದ್ದು

ಹೋದ ವಾರ ಅಣ್ಣನ ಮಗಳು ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಗೋಡೆಯ ಮೇಲಿನ ಅಕ್ಷರ ಓದಿ ಅಂದರು. ನಾನು ಮೇಲಿನಿಂದ ಕೆಳಗಿನವರೆಗೆ ಗಡಗಡನೆ ಓದಿಬಿಟ್ಟೆ. ಈ ವಯಸ್ಸಿನಲ್ಲೂ ಎಂಥ ಕಣ್ಣು ಎಂದು ಡಾಕ್ಟರು ಹೊಗಳಿದರು. ನಾನು ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡು ಎದ್ದು ಬಂದೆ. ಬಾಗಿಲಾಚೆ ಬಂದ ಮೇಲೆ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅತ್ತೆ, ಬಸ್ಸಿನ ಬೋರ್ಡು ಕಾಣಲ್ಲ ಅಂತ ತಾನೇ ನಾವು ಬಂದಿದ್ದು?" ನಿಜ, ಅದಕ್ಕೇ ಬಂದಿದ್ದು. ಆದರೆ ನನಗಿಂತ ಮುಂಚೆ ಒಳಗೆ ಹೋಗಿದ್ದ ಯಜಮಾನರೊಬ್ಬರು ಆ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಬೆಂಚಿನ ಮೇಲೆ ಸುಮ್ಮನೆ ಕೂತಿದ್ದ ನಾನು ಅಷ್ಟನ್ನೂ ಬಾಯಿಪಾಠ ಮಾಡಿಬಿಟ್ಟಿದ್ದೆ.

ಪರೀಕ್ಷೆ ಅಂದ ಕೂಡಲೇ ಪಾಸಾಗಿಬಿಡಬೇಕು ಅನ್ನುವ ಈ ಚಟ ನನಗೆ ಇಂದು ನಿನ್ನೆಯದಲ್ಲ. ಒಮ್ಮೆ ಈ ಚಟದಿಂದಲೇ ನಾನು ಸರ್ಕಾರದ ಒಂದು ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಿದ್ದೆ. ಅದರಲ್ಲಿ ಬರೆಯುವುದು ಓದುವುದು ಏನೂ ಇರಲಿಲ್ಲ. ಕುಂಟಬೇಕಿತ್ತು, ಅಷ್ಟೆ. ಹುಟ್ಟಿ ಎರಡು ವರ್ಷಕ್ಕೇ ಕುಂಟಲು ಶುರುಮಾಡಿದವಳು ಕುಂಟುವುದರಲ್ಲೇ ನಪಾಸಾದಳು ಅಂದರೆ ನೀವು ನಗಬಹುದು. ಈಗ ನನಗೂ ನಗು ಬರುತ್ತದೆ.

ನನ್ನ ಬಲಗಾಲಿನ ಕಥೆ ದೊಡ್ಡದೇನಲ್ಲ. ಮಗುವಾಗಿದ್ದಾಗ ಮೂರು ದಿನ ಜ್ವರ ಬಂತಂತೆ. ಜ್ವರ ಹೋಯಿತು, ಹೋಗುವಾಗ ಕಾಲಿನ ಶಕ್ತಿಯನ್ನೂ ಒಯ್ದಿತು. ಆಮೇಲೆ ನಾನು ಬೆಳೆದೆ, ಎಡಗಾಲು ಬೆಳೆಯಿತು, ಬಲಗಾಲು ಮಾತ್ರ ಸೊರಗಿದ ನುಗ್ಗೆಕಾಯಿಯ ಹಾಗೆ ಎರಡು ಬೆರಳು ಹಿಂದೆಯೇ ಉಳಿಯಿತು. ಅವ್ವ ಇದನ್ನು ಒಪ್ಪಿಕೊಳ್ಳಲೇ ಇಲ್ಲ. ಲಗ್ಗೆರೆಯ ನಮ್ಮ ಮನೆಯ ಹಿಂದೆ ರಾಗಿ ಬಡಿಯುವ ಕಣವಿತ್ತು. ಸುಗ್ಗಿ ಮುಗಿದ ಮೇಲೆ ಸಗಣಿ ಸಾರಿಸಿದ ಆ ನುಣ್ಣನೆಯ ನೆಲದಲ್ಲಿ ಅವಳು ನನಗೆ ನಡಿಗೆಯ ಪಾಠ ಹೇಳುತ್ತಿದ್ದಳು. ಮಾದರಿಗೆ ತಾನೇ ಮುಂದೆ ನಡೆದು ತೋರಿಸುತ್ತಿದ್ದಳು. ಸಂಜೆಯ ಬಿಸಿಲಿನಲ್ಲಿ ನಮ್ಮಿಬ್ಬರ ನೆರಳು ಉದ್ದಕ್ಕೆ ಬಿದ್ದಿರುತ್ತಿತ್ತು. ನನ್ನ ನೆರಳು ತೂಗಾಡದ ಹಾಗೆ ನಡೆಯುವುದೇ ಆ ಪಾಠ.

"ನೋಡೋರ ಕಣ್ಣಿಗೆ ಬೀಳ್ಬಾರ್ದು ಮಗ. ಕಣ್ಣಿಗೆ ಬಿದ್ರೆ ತಾನೇ ಕುಂಟು" ಅನ್ನುತ್ತಿದ್ದಳು.

ಈ ವಿದ್ಯೆಗೆ ಕೆಲವು ಉಪಕರಣಗಳಿದ್ದವು. ಬಲಗಾಲಿನ ಚಪ್ಪಲಿಗೆ ಮಾತ್ರ ಎರಡು ಪದರ ಹೆಚ್ಚಿನ ಅಟ್ಟೆ. ನೆಲ ಗುಡಿಸುವಷ್ಟು ಉದ್ದ ಬಿಟ್ಟ ಸೀರೆ. ಬಲಗೈಯಲ್ಲಿ ಯಾವಾಗಲೂ ಒಂದು ಚೀಲ. ಆ ಚೀಲದ ಮರೆಯಲ್ಲಿ ಅಂಗೈಯಿಂದ ತೊಡೆಯನ್ನು ಹಿಂದಕ್ಕೆ ಒತ್ತಿ ಹಿಡಿದರೆ ಮಂಡಿ ಮಡಚಿಕೊಳ್ಳುವುದಿಲ್ಲ. ಒತ್ತಬೇಕು, ಹೆಜ್ಜೆ ಇಡಬೇಕು, ಮುಖದಲ್ಲಿ ಏನೂ ಕಾಣಬಾರದು. ಹೀಗೆ ನಡೆದರೆ ಬಹಳ ಮೆಲ್ಲಗೆ ನಡೆಯಬೇಕಾಗುತ್ತದೆ. ಊರಿನವರು ಅದನ್ನು ಗಾಂಭೀರ್ಯ ಅಂದುಕೊಂಡರು. ಎಷ್ಟು ಗತ್ತು ಆ ಹುಡುಗಿಗೆ ಎಂದು ನೆಂಟರಲ್ಲಿ ಮಾತಾಯಿತು. ನನಗೆ ಗತ್ತೂ ಇರಲಿಲ್ಲ, ಮಣ್ಣೂ ಇರಲಿಲ್ಲ. ತೊಡೆ ಬಿಟ್ಟರೆ ಬೀಳುತ್ತಿದ್ದೆ.

ಒಮ್ಮೆ ಹೆಣ್ಣು ನೋಡಲು ಬಂದಾಗ ಈ ವಿದ್ಯೆ ಕೈಕೊಟ್ಟಿತು. ಕಾಫಿಯ ತಟ್ಟೆ ಹಿಡಿಯಲು ಎರಡು ಕೈ ಬೇಕು, ತೊಡೆ ಹಿಡಿಯಲು ಮೂರನೆಯದು ಎಲ್ಲಿಂದ ತರಲಿ? ಅವ್ವ ಜಾಣೆ. ತಟ್ಟೆಯನ್ನು ಮೊದಲೇ ಸ್ಟೂಲಿನ ಮೇಲಿಟ್ಟು, ಪಕ್ಕದಲ್ಲಿ ನನ್ನನ್ನು ಬೊಂಬೆಯ ಹಾಗೆ ನಿಲ್ಲಿಸಿದಳು. ಎಲ್ಲ ಚೆನ್ನಾಗಿ ಸಾಗಿತು. ಕೊನೆಯಲ್ಲಿ ಗಂಡಿನ ಸೋದರತ್ತೆ, "ಒಂದು ಲೋಟ ನೀರು ತತ್ತೀಯೇನಮ್ಮ?" ಅಂದರು. ನೀರು ತಂದೆ. ಅರ್ಧ ಲೋಟ ನೆಲದ ಮೇಲೆ, ಉಳಿದರ್ಧ ಸೋದರತ್ತೆಯ ಮಡಿಲಲ್ಲಿ. ಆ ಸಂಬಂಧ ಅಲ್ಲಿಗೇ ತೊಳೆದು ಹೋಯಿತು.

ಅಷ್ಟು ಹೊತ್ತಿಗೆ ಪೀಣ್ಯದ ಕಡೆಯ ನಮ್ಮ ಹೊಲಗಳು ಕಾರ್ಖಾನೆಗಳಿಗೆ ಹೋಗಿಯಾಗಿತ್ತು. ಎಳ್ಳು, ಹುರುಳಿ ಬೆಳೆಯುತ್ತಿದ್ದ ಕಡೆ ಶೆಡ್ಡುಗಳು ಎದ್ದವು. ಗಾಳಿಯಲ್ಲಿ ನೀಲಗಿರಿ ಸೊಪ್ಪಿನ ವಾಸನೆಯ ಜೊತೆ ಕಾದ ಕಬ್ಬಿಣದ ವಾಸನೆಯೂ ಬೆರೆಯಿತು. ಅಪ್ಪ ತೀರಿಹೋಗಿದ್ದರು. ನಂಜಣ್ಣ, ನನ್ನ ಅಣ್ಣ, ಕಬ್ಬಿಣ ಕಾಯಿಸಿ ಬಡಿಯುವ ಒಂದು ಕಾರ್ಖಾನೆಗೆ ಸೇರಿದ. ನಾನು ಟ್ರಾನ್ಸ್‌ಫಾರ್ಮರ್ ಮಾಡುವ ಒಂದು ಸಣ್ಣ ಶೆಡ್ಡಿನಲ್ಲಿ ತಾಮ್ರದ ತಂತಿ ಸುತ್ತುವ ಕೆಲಸಕ್ಕೆ ಸೇರಿದೆ. ಕೂತು ಮಾಡುವ ಕೆಲಸ. ಎಡಗೈಯಲ್ಲಿ ತಂತಿ ಬಿಗಿ ಹಿಡಿದು ಬಲಗೈಯಲ್ಲಿ ಹಿಡಿ ತಿರುಗಿಸುತ್ತ ಸುತ್ತು ಎಣಿಸಬೇಕು. ಅಲ್ಲಿ ನಾನು ಯಾರಿಗೂ ಕಡಿಮೆ ಇರಲಿಲ್ಲ. ಕೂತಾಗ ಎಲ್ಲರ ಕಾಲೂ ಒಂದೇ.

ಹೋಗಿ ಬರುವುದು ಅಣ್ಣನ ಸೈಕಲ್ಲಿನ ಕ್ಯಾರಿಯರ್ ಮೇಲೆ. ಆರು ವರ್ಷ ಹಾಗೇ ನಡೆಯಿತು. ಮೊದಲು ನನ್ನನ್ನು ನನ್ನ ಗೇಟಿನಲ್ಲಿ ಇಳಿಸಿ, ಆಮೇಲೆ ಬಂದ ದಾರಿಯಲ್ಲೇ ತಿರುಗಿ ತನ್ನ ಕಾರ್ಖಾನೆಗೆ ಹೋಗುತ್ತಿದ್ದ. ಬಸ್ಸು ನನ್ನ ಪಾಲಿಗಿರಲಿಲ್ಲ. ಒಮ್ಮೆ ಪ್ರಯತ್ನ ಮಾಡಿದ್ದೆ. ನಾನು ಚೀಲವನ್ನು ಒಳಗಿಟ್ಟು, ಫುಟ್‌ಬೋರ್ಡಿನ ಎತ್ತರ ನೋಡಿ ಯೋಚಿಸುತ್ತಿರುವಾಗಲೇ ಕಂಡಕ್ಟರು ಸೀಟಿ ಊದಿದರು, ನನ್ನ ಚೀಲ ಬಸ್ಸಿನಲ್ಲಿ ಹೋಯಿತು, ನಾನು ರಸ್ತೆಯಲ್ಲಿ ಉಳಿದೆ.

ಒಂದು ಸಂಜೆ ಅಣ್ಣ ಸೈಕಲ್ ನಿಲ್ಲಿಸಿ, ಚೈನು ಸರಿಮಾಡುವ ನೆಪದಲ್ಲಿ ತಲೆ ಬಗ್ಗಿಸಿಕೊಂಡು ಹೇಳಿದ. ಅವರ ಕಾರ್ಖಾನೆಯವರು ಬೊಮ್ಮಸಂದ್ರದಲ್ಲಿ ಹೊಸ ಶೆಡ್ಡು ಹಾಕುತ್ತಿದ್ದಾರೆ. ಅವನನ್ನು ಅಲ್ಲಿಗೆ ಕೆಲಸಗಾರರ ಮೇಲಿನ ಚಾರ್ಜ್‌ಮ್ಯಾನ್ ಮಾಡಿ ಕಳಿಸುತ್ತಾರಂತೆ. ಆಯುಧಪೂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಬೊಮ್ಮಸಂದ್ರ ಅಂದರೆ ಆಗ ನಮಗೆ ಬೆಂಗಳೂರಿನ ಆಚೆ ದಡ. ದಿನಾ ಹೋಗಿ ಬರುವುದು ಆಗದ ಮಾತು, ಅಲ್ಲೇ ರೂಮು ಮಾಡಬೇಕು.

"ಓಗು ಅಣ್ಣ" ಅಂದೆ.

"ನೀನು?" ಅಂದ.

ಅವನು ಹೋದರೆ ನನ್ನ ಕೆಲಸ ಹೋಗುತ್ತದೆ. ಹೋಗದಿದ್ದರೆ ಅವನು ಜೀವಮಾನವಿಡೀ ಸುತ್ತಿಗೆ ಹಿಡಿದೇ ಇರಬೇಕಾಗುತ್ತದೆ.

ಆ ಪ್ರಶ್ನೆಗೆ ಉತ್ತರ ತಂದವಳು ನಮ್ಮ ಆಫೀಸಿನ ಟೈಪಿಸ್ಟ್ ಫಿಲೋಮಿನಾ. ಅವಳು ಊಟಕ್ಕೆ ಹಾಸಿಕೊಂಡ ಹಳೆಯ ಪೇಪರನ್ನೂ ಬಿಡದೆ ಓದುವವಳು. ಒಂದು ದಿನ ಸಾರು ಬಿದ್ದ ಪೇಪರ್ ತುಂಡನ್ನು ಎತ್ತಿಕೊಂಡು ಓಡಿ ಬಂದಳು.

"ಏ ರತ್ನಾ, ಇಲ್ನೋಡೇ! ಅಂಗವಿಕಲರು ಗಾಡಿ ತಗೊಂಡ್ರೆ ರೋಡ್ ಟ್ಯಾಕ್ಸ್ ಇಲ್ವಂತೆ. ಬ್ಯಾಂಕಲ್ಲಿ ಕಡಿಮೆ ಬಡ್ಡಿಗೆ ಸಾಲ ಅಂತೆ. ಪೆಟ್ರೋಲಿಗೆ ಅರ್ಧ ದುಡ್ಡು ಸರ್ಕಾರದೋರೇ ವಾಪಸ್ ಕೊಡ್ತಾರಂತೆ ಕಣೇ!"

"ಯಾವ ಗಾಡಿ?"

"ಸ್ಕೂಟ್ರು! ಹಿಂದೆ ಎರಡು ಚಕ್ರ ಜಾಸ್ತಿ ಹಾಕ್ಸಿ, ಕಾಲಿನ ಬ್ರೇಕ್ ಕೈಗೆ ಮಾಡ್ಸಿದ್ರೆ ಆಯ್ತು. ನೀನೇ ಓಡಿಸ್ಬೋದು."

ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವದು. ಸರ್ಟಿಫಿಕೇಟ್ ಇದ್ದವರ ಸರದಿ ಬೇಗ ಬರುತ್ತದೆ ಎಂಬ ಸುದ್ದಿಯನ್ನೂ ಅವಳೇ ತಂದಳು. ಈ ರಿಯಾಯಿತಿಗಳಿಲ್ಲದೆ ನಮ್ಮಂಥವರು ಸ್ಕೂಟರನ್ನು ಮುಟ್ಟುವ ಹಾಗೇ ಇರಲಿಲ್ಲ. ಒಟ್ಟಿನಲ್ಲಿ ಆಸ್ಪತ್ರೆಯ ಮೂವರು ಡಾಕ್ಟರ ಮಂಡಳಿ ಕೊಡುವ ಒಂದು ಕಾಗದ ಎಲ್ಲದಕ್ಕೂ ಬೀಗದ ಕೈ. ಕಾಲು ಎಷ್ಟು ಕೆಟ್ಟಿದೆ ಎಂದು ಅವರು ಶೇಕಡಾ ಲೆಕ್ಕದಲ್ಲಿ ಬರೆಯುತ್ತಾರೆ. ಇಷ್ಟಕ್ಕಿಂತ ಮೇಲಿದ್ದರೆ ಪಾಸು, ಕೆಳಗಿದ್ದರೆ ಇಲ್ಲ. ಅದಾದ ಮೇಲೆ ಲೈಸೆನ್ಸಿನವರ ಮುಂದೆ ಗಾಡಿ ಓಡಿಸಿ ತೋರಿಸಬೇಕು. ನಡೆಯಲಾರಳು ಎಂದು ಒಬ್ಬರು ಬರೆಯಬೇಕು, ಓಡಿಸಬಲ್ಲಳು ಎಂದು ಇನ್ನೊಬ್ಬರು ಬರೆಯಬೇಕು. ಸರ್ಕಾರಕ್ಕೆ ನಾನು ಎರಡೂ ಆಗಿರಬೇಕಿತ್ತು.

ಅವ್ವನಿಗೆ ತೆರಿಗೆ ಅಂದರೆ ಹೊಲದ ಕಂದಾಯ ಒಂದೇ ಗೊತ್ತು. "ನೆಲನೇ ಓದ್ಮೇಲೆ ಇನ್ಯಾತರ ಕಂದಾಯ ಬಿಡ್ತಾರೆ?" ಅಂದಳು. ಬಿಡಿಸಿ ಹೇಳಿದ ಮೇಲೆ ಅವಳ ಮುಖ ಕಪ್ಪಿಟ್ಟಿತು. "ಸರ್ಕಾರದ ಪುಸ್ತಕದಾಗೆ ಕುಂಟಿ ಅಂತ ಬರೆಸ್ಕಂಡು ಬತ್ತೀಯಾ? ಇಷ್ಟು ವರ್ಷ ನಾನು ಕಾಪಾಡಿದ್ದು ಇದಕ್ಕೇನಾ?"

ಅಲ್ಲಿಂದ ಮುಂದೆ ಕೆಲವು ವಾರ ನಾನು ಭೂಮಿಯ ಮೇಲೆ ಇರಲಿಲ್ಲ. ತಂತಿ ಸುತ್ತುತ್ತ ಕೂತವಳ ಕೈಯಲ್ಲಿ ಆ ಹಿಡಿ ಸ್ಕೂಟರಿನ ಹ್ಯಾಂಡಲ್ ಆಗಿಬಿಡುತ್ತಿತ್ತು. ಶೆಡ್ಡಿನ ತಗಡಿನ ಸಂದಿಯಿಂದ ಬಿಸಿಲು ಒಂದು ಕೋಲಿನ ಹಾಗೆ ಇಳಿಯುತ್ತಿತ್ತು, ಅದರಲ್ಲಿ ಧೂಳು ತೇಲುತ್ತಿತ್ತು, ನಾನೂ ತೇಲುತ್ತಿದ್ದೆ. ಕೆರೆಯ ಏರಿ, ನೀಲಗಿರಿ ತೋಪು, ಹೆಸರು ಗೊತ್ತಿಲ್ಲದ ಯಾವ ಯಾವುದೋ ಊರು. ಮನಸ್ಸಿನ ಆ ಗಾಡಿಗೆ ಪೆಟ್ರೋಲೂ ಬೇಡ, ರಿಯಾಯಿತಿಯೂ ಬೇಡ. ಎಚ್ಚರವಾದಾಗ ಎಣಿಕೆ ತಪ್ಪಿರುತ್ತಿತ್ತು, ಬಿಚ್ಚಿ ಮತ್ತೆ ಸುತ್ತುತ್ತಿದ್ದೆ. ಆ ದಿನಗಳಲ್ಲಿ ನಾನು ಸುತ್ತಿದ ಟ್ರಾನ್ಸ್‌ಫಾರ್ಮರುಗಳು ಯಾರ ಮನೆ ಸೇರಿದವೋ, ದೇವರೇ ಅವರನ್ನು ಕಾಪಾಡಿರಬೇಕು.

ಮಂಡಳಿ ಕೂರುವುದು ಬುಧವಾರ. ಅವ್ವ ಬೇಡ ಬೇಡ ಅನ್ನುತ್ತಲೇ ಇದ್ದವಳು ಆ ಬೆಳಿಗ್ಗೆ ತಾನೇ ಮುಂದೆ ನಿಂತು ನನ್ನನ್ನು ಸಿಂಗರಿಸಿದಳು. ದೊಡ್ಡ ಡಾಕ್ಟರುಗಳ ಮುಂದೆ ಹೋಗುವವಳು ಹೇಗೆಂದರೆ ಹಾಗೆ ಹೋಗಬಹುದೇ? ಇರುವುದರಲ್ಲಿ ಉದ್ದನೆಯ ಸೀರೆ, ನೆರಿಗೆ ನೆಲಕ್ಕೆ ತಾಗುವ ಹಾಗೆ. ಅಟ್ಟೆ ಹಾಕಿದ ಚಪ್ಪಲಿ ಒರೆಸಿಟ್ಟಳು, ಕೈಗೆ ಚೀಲ ಕೊಟ್ಟಳು. ಅಣ್ಣ ಆಟೋದಲ್ಲಿ ಕರೆದುಕೊಂಡು ಹೋದ.

ನನ್ನ ಹೆಸರು ಕೂಗಿದರು. ಮೇಜಿನ ಹಿಂದೆ ಮೂವರು ಕೂತಿದ್ದರು. ಮಾತಾಡಿದವರು ನನಗಿಂತ ಸ್ವಲ್ಪ ದೊಡ್ಡವರಿದ್ದ ಒಬ್ಬ ಡಾಕ್ಟರು. ಹೊರಗೆ ನೂರು ಜನರ ಸಾಲು, ಅವರಿಗೆ ಪುರುಸೊತ್ತಿಲ್ಲ. ಸೀರೆ ಎತ್ತಿ ತೋರಿಸು ಅನ್ನಲು ಅವರಿಗೆ ಸಂಕೋಚ, ನಾನಾಗಿ ತೋರಿಸಲು ನನಗೆ ಇನ್ನೂ ಸಂಕೋಚ.

"ಬಾಗಿಲಿಂದ ಇಲ್ಲೀತನಕ ನಡೀರಮ್ಮ" ಅಂದರು.

ನಡೆದೆ. ಅಂಥ ನಡಿಗೆಯನ್ನು ಆವರೆಗೆ ನಾನು ನಡೆದಿರಲಿಲ್ಲ, ಆಮೇಲೂ ನಡೆಯಲಿಲ್ಲ. ಕಣದಲ್ಲಿ ಕಲಿತದ್ದೆಲ್ಲ ಒಮ್ಮೆಗೇ ಒದಗಿ ಬಂತು. ಒಂದು ನೆರಿಗೆಯೂ ಅಲುಗಲಿಲ್ಲ.

"ಮೆಟ್ಟಿಲು ಹತ್ತೋಕಾಗುತ್ತಾ?"

"ಆಗುತ್ತೆ ಸಾರ್."

"ನೋವಿದೆಯಾ?"

"ಇಲ್ಲ ಸಾರ್, ಚೆನ್ನಾಗಿದೀನಿ."

ಅವರು ಏನೋ ಬರೆದರು. ಹೊರಗೆ ಬಂದು ಅಣ್ಣನ ಕೈಗೆ ಕಾಗದ ಕೊಟ್ಟೆ. ಪಾಸಿಗೆ ಬೇಕಾದದ್ದರ ಅರ್ಧವೂ ಇರಲಿಲ್ಲ. ಅಣ್ಣ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಆಟೋ ಕರೆದ. ನಿಮ್ಮ ಮುಂದೆ ಮುಚ್ಚಿಡುವುದೇನು, ಆಟೋದಲ್ಲಿ ಕೂತಾಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಮೂವರು ಡಾಕ್ಟರುಗಳಿಗೇ ಗೊತ್ತಾಗಲಿಲ್ಲವಲ್ಲ! ಮನೆಗೆ ಬಂದಾಗ ಅವ್ವನೂ ಹಿಗ್ಗಿದಳು. ಅಂದು ರಾಗಿಮುದ್ದೆಯ ಜೊತೆ ಕೋಳಿ ಸಾರು. ಗಾಡಿಯ ಕನಸು ಕೈಬಿಟ್ಟು ಹೋದದ್ದಕ್ಕೆ ನಾವು ತಾಯಿ ಮಗಳು ಹಬ್ಬ ಮಾಡಿದೆವು.

ಮಾರನೆಯ ದಿನ ಫಿಲೋಮಿನಾ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೀ! ಅದೇನು ಬ್ಯೂಟಿ ಕಾಂಪಿಟಿಷನ್ನಾ? ಕುಂಟೋಕೆ ಕಳ್ಸಿದ್ರೆ ಕುಂಟ್ದೆ ಬಂದಿದೀಯಲ್ಲೇ!" ಬೈಯುತ್ತಲೇ ಮೆಷಿನ್ನಿಗೆ ಹಾಳೆ ತುರುಕಿ, ಇನ್ನೊಮ್ಮೆ ನೋಡಬೇಕೆಂದು ಮಂಡಳಿಗೆ ಅರ್ಜಿ ಟೈಪ್ ಮಾಡಿದಳು. ನನಗೆ ಅದರ ಮೇಲೆ ಆಸೆ ಇರಲಿಲ್ಲ. ಇನ್ನೊಮ್ಮೆ ಹೋದರೂ ನಾನು ಹಾಗೇ ನಡೆಯುವವಳು. ಬೇರೆ ನಡಿಗೆ ನನಗೆ ಗೊತ್ತಿರಲಿಲ್ಲ.

ಆ ಭಾನುವಾರ ಅಣ್ಣ ಜಗಲಿಯ ಮೇಲೆ ಕೂತು ಗಡ್ಡ ಹೆರೆದುಕೊಳ್ಳುತ್ತ, ಕನ್ನಡಿಯಿಂದ ಕಣ್ಣು ತೆಗೆಯದೆ ಅವ್ವನಿಗೆ ಹೇಳಿದ. "ನಾಳೆ ಮ್ಯಾನೇಜರ್‌ಗೆ ಏಳ್ಬಿಡ್ತೀನವ್ವ, ಬರಲ್ಲ ಅಂತ. ಬೊಮ್ಮಸಂದ್ರ ಯಾಕೆ, ಇಲ್ಲೇ ಚೆನ್ನಾಗೈತೆ." ಅವನ ದನಿ ಎಷ್ಟು ಹಗುರವಾಗಿತ್ತು ಎಂದರೆ, ನಾನು ನಡೆಯುವ ಹಾಗೇ ಅವನು ಮಾತಾಡುತ್ತಿದ್ದಾನೆ ಎಂದು ನನಗೆ ತಟ್ಟನೆ ಗೊತ್ತಾಯಿತು. ಅವನೂ ಅವ್ವನ ಮಗನೇ. ಒಳಗೆ ಹೋಗಿ ಗೋಡೆಗೆ ಮುಖ ಕೊಟ್ಟು ಅತ್ತೆ. ಕಾಲಿಗಾಗಿ ನಾನು ಎಂದೂ ಅಷ್ಟು ಅತ್ತಿರಲಿಲ್ಲ.

ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಅವ್ವ ಹಿಡಿಯುತ್ತಲೇ ಇದ್ದಳು. ಹಿಟ್ಟೆಲ್ಲ ಮುಗಿದ ಮೇಲೆ, "ಆಯುಧಪೂಜೆಗೆ ಇನ್ನೂ ದಿನ ಐತಲ್ಲ. ಅಲ್ಲೀಗಂಟ ಬಾಯ್ ಮುಚ್ಕಂಡಿರು" ಎಂದು ಅಣ್ಣನಿಗೆ ಅಂದಳು.

ಅರ್ಜಿಗೆ ಉತ್ತರ ಬಂತು. ಮತ್ತೊಂದು ಬುಧವಾರ. ಬೆಳಿಗ್ಗೆ ನೋಡಿದರೆ ನನ್ನ ಚಪ್ಪಲಿ ಇಲ್ಲ. ಬಾಗಿಲ ಬಳಿ ಅವ್ವನ ಹಳೆಯ ಚಪ್ಪಲಿ ಇತ್ತು, ಎರಡೂ ಒಂದೇ ಎತ್ತರದ್ದು. ಅವ್ವ ಒಳಗಿನಿಂದ ಸೀರೆ ಬದಲಿಸಿಕೊಂಡು ಬಂದಳು. "ನಾನೂ ಬತ್ತೀನಿ" ಅಂದಳು. ಅಷ್ಟೇ.

ಆಸ್ಪತ್ರೆಯ ಸಾಲಿನಲ್ಲಿ ಕಾದೆವು. ನಮ್ಮ ಮುಂದೆ ಊರುಗೋಲಿನವರು, ಹಲಗೆಯ ಗಾಡಿಯವರು, ಮಗುವನ್ನು ಹೆಗಲ ಮೇಲೆ ಹೊತ್ತವರು. ಯಾರೂ ಏನನ್ನೂ ಮುಚ್ಚಿಕೊಂಡಿರಲಿಲ್ಲ. ಅವ್ವ ಅವರನ್ನೆಲ್ಲ ನೋಡುತ್ತಿದ್ದಳು. ಹೆಸರು ಕೂಗಿದಾಗ ಅವಳು ಕೈ ನೀಡಿ ನನ್ನ ಚೀಲ ತೆಗೆದುಕೊಂಡಳು.

ಆವತ್ತು ಮೇಜಿನ ನಡುವೆ ತಲೆ ನರೆತ ಲೇಡಿ ಡಾಕ್ಟರೊಬ್ಬರು ಕೂತಿದ್ದರು. ಚೀಲವಿಲ್ಲ, ಅಟ್ಟೆಯಿಲ್ಲ, ಆದರೂ ಬಾಗಿಲು ದಾಟಿದ ಕೂಡಲೇ ನನ್ನ ಬೆನ್ನು ತಾನೇ ನೆಟ್ಟಗಾಯಿತು. ಕೈ ನೆರಿಗೆಯ ಮರೆ ಹುಡುಕಿಕೊಂಡಿತು. ಉಸಿರು ಬಿಗಿಹಿಡಿದು ಮೇಜಿನವರೆಗೆ ಹೋದೆ.

"ಮೆಟ್ಟಿಲು ಹತ್ತೋಕೆ ಆಗುತ್ತೇನಮ್ಮ?"

ನನ್ನ ಬಾಯಿ, ಅದಕ್ಕೆಲ್ಲಿಯ ಬುದ್ಧಿ, "ಆಗುತ್ತೆ ಮೇಡಂ" ಅಂದಿತು.

"ಸುಳ್ಳು!"

ಅವ್ವನ ದನಿ ಆ ಕೋಣೆಯಲ್ಲಿ ಹೊಲದ ಆಚೆ ಬದುವಿನಿಂದ ಕೂಗಿದ ಹಾಗೆ ಕೇಳಿಸಿತು. "ಸುಳ್ಳು ಏಳ್ತಾವಳೆ ತಾಯಿ. ಮೆಟ್ಲು ಅತ್ತಕ್ಕೆ ಆಗಾಕಿಲ್ಲ ಇವಳಿಗೆ. ನಮ್ಮನೆ ಒಸ್ಲು ದಾಟಕ್ಕೇ ಗೋಡೆ ಇಡ್ಕತಾಳೆ. ರಾತ್ರಿ ಎಲ್ಲಾ ಸೊಂಟ ನೋವು ಅಂತ ಒಳ್ಳಾಡ್ತಾಳೆ, ನಂಗೆ ಗೊತ್ತಿಲ್ಲ ಅಂದ್ಕಂಡವಳೆ. ಇಂಗೆ ನಡಿಯಕ್ಕೆ ಏಳ್ಕೊಟ್ಟೋಳು ನಾನು. ತಪ್ಪು ನಂದು."

ಹಾಗೆನ್ನುತ್ತ ಅವ್ವ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತಳು. ಇಪ್ಪತ್ತೆರಡು ವರ್ಷ ಯಾರ ಕಣ್ಣಿಗೂ ಬೀಳದಂತೆ ಕಾಪಾಡಿದ್ದ ನನ್ನ ನೆರಿಗೆಯನ್ನು ತನ್ನ ಕೈಯಾರೆ ಹಿಡಿದು ಮಂಡಿಯವರೆಗೆ ಎತ್ತಿದಳು. "ನೋಡ್ಕಳಿ" ಅಂದಳು.

ಕಿಟಕಿಯ ಬೆಳಕು ನೇರವಾಗಿ ಕಾಲಿನ ಮೇಲೆ ಬಿತ್ತು. ನನ್ನ ಕಾಲನ್ನು ಅಷ್ಟು ಬೆಳಕಿನಲ್ಲಿ ನಾನೂ ನೋಡಿರಲಿಲ್ಲ. ಲೇಡಿ ಡಾಕ್ಟರು ಎದ್ದು ಬಂದು ಬಗ್ಗಿ, ಎರಡು ಬೆರಳಿನಿಂದ ಮೀನಖಂಡ ಮುಟ್ಟಿದರು. "ಇದರ ಮೇಲೆ ಇಷ್ಟು ವರ್ಷ ಹೇಗೆ ನಡೆದೆಯಮ್ಮ?" ಅಂದರು. ನಾನು ಅವ್ವನ ತಲೆಯ ಬೈತಲೆಯನ್ನು ನೋಡುತ್ತ ನಿಂತಿದ್ದೆ. ನಾಚಿಕೆಯಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಅವಳ ಮೇಲೆ ಹಿಡಿಸಲಾರದಷ್ಟು ಪ್ರೀತಿ ಬಂತು.

ಕಾಗದದ ಮೇಲೆ ಬಿದ್ದ ಅಂಕಿ ಪಾಸಿಗಿಂತ ಎಷ್ಟೋ ಮೇಲಿತ್ತು. ನನ್ನ ಜೀವನದಲ್ಲಿ ಬಂದ ಒಂದೇ ಒಂದು ಫಸ್ಟ್ ಕ್ಲಾಸು. ಓದಲು ಬಾರದ ಅವ್ವ ಅದನ್ನು ಹಿಡಿದುಕೊಂಡು, "ಆಯ್ತಾ?" ಅಂದಳು. "ಆಯ್ತವ್ವ" ಅಂದೆ.

ಅಣ್ಣ ಆಯುಧಪೂಜೆಯ ದಿನ ಹೂಂ ಅಂದ, ಸ್ಕೂಟರ್ ಬಂದ ಮೇಲೆ ಹೊರಡುತ್ತೇನೆ ಎಂದು ಗಡುವು ಕೇಳಿಕೊಂಡ. ಬ್ಯಾಂಕಿನ ಮೇಜಿನಿಂದ ಮೇಜಿಗೆ, ಸಾರಿಗೆ ಕಚೇರಿಯ ಕಿಟಕಿಯಿಂದ ಕಿಟಕಿಗೆ ಆ ಕಾಗದ ಓಡಾಡಿತು. ಆಕಾಶದ ಬಣ್ಣದ ಸ್ಕೂಟರ್ ಬಂತು. ಪೀಣ್ಯದಲ್ಲೇ ಒಂದು ಶೆಡ್ಡಿನಲ್ಲಿ ಅದಕ್ಕೆ ಎರಡು ಚಕ್ರ ಕೂಡಿಸಿದರು. ಬಲಗಾಲಿನ ಬ್ರೇಕನ್ನು ಕೈಗೆ ತರುವ ಸರಳನ್ನು ಅಣ್ಣನೇ ತನ್ನ ಕಾರ್ಖಾನೆಯಲ್ಲಿ ಕಾಯಿಸಿ ಬಡಿದ. ಅವನು ಅಲ್ಲಿ ಬಡಿದ ಕೊನೆಯ ಕಬ್ಬಿಣ ಅದು. ಗಾಡಿಯ ಪುಸ್ತಕದಲ್ಲಿ ತೆರಿಗೆ ಎಂದಿದ್ದ ಕಡೆ ಗುಮಾಸ್ತರು ಕೆಂಪು ಶಾಯಿಯಲ್ಲಿ ವಿನಾಯಿತಿ ಎಂದು ಬರೆದುಕೊಟ್ಟರು. ಭಾನುವಾರಗಳಂದು ಬಯಲಿನಲ್ಲಿ ಕಲಿತೆ. ಲೈಸೆನ್ಸಿನವರ ಮುಂದೆ ಎಂಟರ ಆಕಾರದಲ್ಲಿ ಓಡಿಸಿ ತೋರಿಸಿದೆ.

ಸಂಕ್ರಾಂತಿಗೆ ಮುಂಚಿನ ಚಳಿಯಲ್ಲಿ ಒಂದು ಸೋಮವಾರ ಅಣ್ಣ ಮೊದಲ ಬಸ್ಸಿಗೆ ಹೊರಟುಹೋದ. ಸ್ವಲ್ಪ ಹೊತ್ತಿಗೆ ನಾನೂ ಹೊರಟೆ. ಅವ್ವ ಬಾಗಿಲಲ್ಲಿ ನಿಂತಿದ್ದಳು.

ಮಂಜು ಇನ್ನೂ ಎದ್ದಿರಲಿಲ್ಲ. ಅವರೆಹೊಲಗಳ ಸೊಗಡು ರಸ್ತೆಯ ಮೇಲೆಲ್ಲ ಕವಿದಿತ್ತು. ಕ್ಯಾರಿಯರ್ ಮೇಲೆ ನಾವು ಹೆಂಗಸರು ಕೂರುವುದು ಒಂದು ಪಕ್ಕಕ್ಕೆ ತಿರುಗಿಕೊಂಡು. ಆರು ವರ್ಷ ಆ ರಸ್ತೆಯಲ್ಲಿ ಹೋದವಳು ಹೋಗುವಾಗ ಎಡಗಡೆಯ ಬೇಲಿ, ಬರುವಾಗ ಆಚೆ ಬದಿಯ ಬೇಲಿ ನೋಡಿದ್ದೆ. ಎದುರಿಗೆ ಏನಿದೆ ಎಂದು ನೋಡಿಯೇ ಇರಲಿಲ್ಲ. ಈಗ ಮಂಜಿನೊಳಗಿಂದ ಒಂದೊಂದೇ ಮರ, ಒಂದೊಂದೇ ಕಂಬ ಹೊರಬಂದು ನನಗೆ ದಾರಿ ಬಿಟ್ಟು ಹಿಂದೆ ಸರಿಯುತ್ತಿದ್ದವು. ಮುಖಕ್ಕೆ ನೇರವಾಗಿ ಗಾಳಿ ಬಡಿಯುತ್ತಿತ್ತು. ಮುಂದೆ ಅಣ್ಣನ ಬೆನ್ನಿಲ್ಲವೆಂದು ಒಂದು ಕ್ಷಣ ಅಳು ಬಂತು, ಮರುಕ್ಷಣ ಜೋರಾಗಿ ನಗು ಬಂತು. ಎರಡನ್ನೂ ಕೇಳುವವರು ಯಾರೂ ಇರಲಿಲ್ಲ.

ನಮ್ಮ ಕಾರ್ಖಾನೆಯ ಗೇಟು ಬಂತು. ಸೈರನ್ನಿಗೆ ಇನ್ನೂ ಹೊತ್ತಿತ್ತು. ಬ್ರೇಕಿನ ಸರಳಿನ ಮೇಲೆ ಕೈ ಇಟ್ಟೆ, ಒತ್ತಲಿಲ್ಲ. ಗೇಟು ಪಕ್ಕದಲ್ಲಿ ಹಾದುಹೋಯಿತು. ಅಲ್ಲಿಂದ ಮುಂದಿನ ರಸ್ತೆಯನ್ನು ನಾನು ಕಂಡಿರಲೇ ಇಲ್ಲ, ನನ್ನನ್ನು ಇಳಿಸುವ ಜಾಗದಲ್ಲೇ ನನ್ನ ಲೋಕ ಮುಗಿಯುತ್ತಿತ್ತು. ಮುಂದೆ ಇದ್ದದ್ದಾದರೂ ಏನು? ಒಂದು ಇಟ್ಟಿಗೆ ಗೂಡು, ಒಂದು ಬಾವಿ, ನೀಲಗಿರಿ ತೋಪು. ಅದರಾಚೆ ಒಂದು ತಿರುವು, ತಿರುವಿನಾಚೆ ಅವರೆಕಾಯಿ ಬಿಡಿಸುತ್ತಿದ್ದ ಒಬ್ಬ ಹೆಂಗಸು ಸೊಂಟ ನೆಟ್ಟಗೆ ಮಾಡಿ ನಿಂತು ನನ್ನನ್ನು ನೋಡಿದಳು. ಕೆಲಸಕ್ಕೆ ಹೋಗಿ ಬರಲೆಂದು ಸರ್ಕಾರ ಅರ್ಧ ದುಡ್ಡು ಕೊಟ್ಟ ಪೆಟ್ರೋಲನ್ನು ಆ ಬೆಳಿಗ್ಗೆ ಹಾಗೆ ಸುಟ್ಟೆ. ಹಿಂದೆ ಎಲ್ಲೋ ದೂರದಲ್ಲಿ ಸೈರನ್ ಕೂಗಿ ನಿಂತಾಗಲೇ ಗಾಡಿ ತಿರುಗಿಸಿದ್ದು.

ಶೆಡ್ಡಿನೊಳಗೆ ಎಲ್ಲರೂ ಆಗಲೇ ತಂತಿ ಸುತ್ತಲು ಕೂತಿದ್ದರು. ನಾನು ಕೈಯಿಂದ ತೊಡೆ ಒತ್ತಿಕೊಂಡು, ಎಲ್ಲರ ಎದುರಿಗೇ ಕುಂಟುತ್ತ ನನ್ನ ಜಾಗಕ್ಕೆ ಹೋದೆ. ಆರು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಾರದವಳನ್ನು ಸೂಪರ್‌ವೈಸರ್ ಗಾಬರಿಯಿಂದ ನೋಡಿದರು.

"ಯಾಕಮ್ಮ ರತ್ನಾ, ಲೇಟು? ಗಾಡಿ ಕೆಟ್ಟೋಯ್ತಾ?"

"ಇಲ್ಲ ಸಾರ್" ಅಂದೆ. "ಸುಮ್ನೆ, ಇನ್ನೂ ಸ್ವಲ್ಪ ಮುಂದಕ್ಕೆ ಹೋಗಿದ್ದೆ."